ಸತ್ತ ಮೇಲೆ ಏರುವ ‘ಅಮಲು’

ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರು ಎಂದರೆ ಹಲವರಿಗೆ ನೆನಪಾಗುವುದು ವಿಮಾನ ಮೈದಾನ. ಎಷ್ಟೋ ಹುಡುಗರಲ್ಲಿ ಪೈಲಟ್ ಆಗುವ ಕನಸು ಬಿತ್ತಿದ ಜಾಗ ಅದು. ಹಾರಾಟಕ್ಕೆ ಮುಂಚಿನ 12 ಗಂಟೆ ಪೈಲಟ್‌ಗಳು ಮದ್ಯ ಮುಟ್ಟಬಾರದೆಂಬುದು ನಮ್ಮ ದೇಶದ ನಿಯಮ. ಹಾಗಿದ್ದೂ, ಅಪಘಾತದಲ್ಲಿ ಮಡಿದ ಪೈಲಟ್‌ನ ರಕ್ತದಲ್ಲಿ ಮದ್ಯಸಾರ ಸಿಕ್ಕಿತೆನ್ನಿ. ಆತ ಕುಡಿದಿದ್ದನೆಂದು ಹೇಳಿಬಿಡಬಹುದೇ?

ಆತುರ ಬೇಡ, ಎನ್ನುತ್ತದೆ ವಿಷವಿಜ್ಞಾನ.

ಬೆಳಿಗ್ಗೆ ಇಳಿಸಿದ ಸಿಹಿ ನೀರಾ ಬಿಸಿಲೇರುತ್ತಲೇ ಹೆಂಡವಾಗುತ್ತದಲ್ಲವೇ? ಶವದಲ್ಲೂ ಹಾಗೆಯೇ. ಸೂಕ್ಷ್ಮಾಣುಗಳು ದೇಹದ ಸಕ್ಕರೆಯನ್ನು ಹುದುಗಿಸಿ ಮದ್ಯಸಾರ ಮಾಡುತ್ತವೆ. 1989ರ ಏಪ್ರಿಲ್‌ನಲ್ಲಿ ಅಮೆರಿಕದ ‘ಅಯೋವಾ’ ಯುದ್ಧನೌಕೆಯ ಫಿರಂಗಿ ಗೋಪುರ ಸಿಡಿದು 47 ನಾವಿಕರು ಸತ್ತರು. ಹಲವರ ರಕ್ತದಲ್ಲಿ ಮದ್ಯಸಾರವಿತ್ತು. ಅದು ಸಾವಿನ ನಂತರ ಹುಟ್ಟಿದ್ದೆಂದು ತಜ್ಞರು ನಿರ್ಧರಿಸಿದರು.

ಔಷಧಿಗಳ ಕಥೆ ಇನ್ನೂ ವಿಚಿತ್ರ. ಹೃದ್ರೋಗಿಗಳಿಗೆ ಕೊಡುವ ಡಿಗಾಕ್ಸಿನ್ ಬದುಕಿರುವಾಗ ರಕ್ತಕ್ಕಿಂತ ಹೃದಯದ ಸ್ನಾಯುವಿನಲ್ಲೇ ಹೆಚ್ಚು ಸೇರಿರುತ್ತದೆ. ಉಸಿರು ನಿಂತ ಮೇಲೆ ಜೀವಕೋಶಗಳ ಪೊರೆ ಸಡಿಲವಾಗಿ, ಔಷಧಿ ಪಕ್ಕದ ರಕ್ತಕ್ಕೆ ಸೋರುತ್ತದೆ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ ಯಕೃತ್ತು, ಶ್ವಾಸಕೋಶಗಳಿಂದ ಹೀಗೆಯೇ ಹೊರಬರುತ್ತದೆ. ವೈದ್ಯರು ಹೇಳಿದಷ್ಟೇ ಮಾತ್ರೆ ನುಂಗಿದವರ ಹೃದಯದ ರಕ್ತವೂ ವಿಷದ ಮಟ್ಟ ತೋರಿಸಬಹುದು. ಆ ಅಂಕಿಯನ್ನೇ ನಂಬಿದರೆ ಸಹಜ ಸಾವು ಆತ್ಮಹತ್ಯೆಯೆನಿಸೀತು. ಮನೆಯವರ ಮೇಲೆ ಸಂಶಯ ಬಂದೀತು.

ಹಾಗಾದರೆ ನಿಜ ತಿಳಿಯುವುದು ಹೇಗೆ? ಹೃದಯದಿಂದ ದೂರವಿರುವ ತೊಡೆಯ ರಕ್ತನಾಳದಿಂದ ರಕ್ತ ತೆಗೆಯುತ್ತಾರೆ. ಬಾಟಲಿಯಲ್ಲಿ ಹುದುಗುವಿಕೆ ಮುಂದುವರಿಯದಂತೆ ಸೋಡಿಯಂ ಫ್ಲೋರೈಡ್ ಬೆರೆಸುತ್ತಾರೆ. ಸೂಕ್ಷ್ಮಾಣುಗಳು ಬೇಗ ತಲುಪದ ಕಣ್ಣುಗುಡ್ಡೆಯೊಳಗಿನ ದ್ರವವನ್ನೂ ಪರೀಕ್ಷಿಸುತ್ತಾರೆ. ರಕ್ತದಲ್ಲಿ ಮದ್ಯಸಾರವಿದ್ದು ಕಣ್ಣಿನ ದ್ರವದಲ್ಲಿ ಇಲ್ಲದಿದ್ದರೆ, ಅದು ಸಾವಿನ ಬಳಿಕ ಹುಟ್ಟಿದ್ದೆಂಬ ಅನುಮಾನ ಬಲವಾಗುತ್ತದೆ. ಕುಡಿದವರ ದೇಹ ಮದ್ಯವನ್ನು ಅರಗಿಸುವಾಗ ಉಂಟಾಗುವ ಈಥೈಲ್ ಗ್ಲುಕುರೊನೈಡ್ ಮೂತ್ರದಲ್ಲಿದೆಯೇ ಎಂದೂ ಹುಡುಕುತ್ತಾರೆ.

ಇಷ್ಟಾದರೂ ಪ್ರಯೋಗಾಲಯದ ಅಂಕಿಯೊಂದೇ ಸಾಲದು. ಶವ ಎಷ್ಟು ಹೊತ್ತು, ಎಂಥ ಬಿಸಿಲಲ್ಲಿತ್ತು? ಸತ್ತವರಿಗೆ ಯಾವ ಕಾಯಿಲೆಯಿತ್ತು? ಎಷ್ಟು ಮಾತ್ರೆ ಉಳಿದಿವೆ? ಇವೆಲ್ಲ ಕೂಡಿದಾಗಲೇ ಅಂಕಿಗೆ ಅರ್ಥ. ಇಂಥ ಸಂದರ್ಭದಲ್ಲಿ ಮನೆಯವರು ಔಷಧಿ ಚೀಟಿ, ಉಳಿದ ಮಾತ್ರೆಗಳನ್ನು ಎಸೆಯದೆ ವೈದ್ಯರಿಗೆ ಒಪ್ಪಿಸುವುದು ಒಳ್ಳೆಯದು.

ರಸಾಯನಶಾಸ್ತ್ರ, ಜೀವಶಾಸ್ತ್ರ ಎರಡನ್ನೂ ಇಷ್ಟಪಡುವ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ವೃತ್ತಿಕ್ಷೇತ್ರ. ಆದರೆ ಯಂತ್ರ ಕೊಟ್ಟ ಅಂಕಿಯನ್ನು ಅನುಮಾನಿಸುವ ತಾಳ್ಮೆ ಬೇಕು. ತನ್ನ ಮೇಲಿನ ಆರೋಪಕ್ಕೆ ಸತ್ತವನು ಉತ್ತರ ಹೇಳಲಾರ. ಅವನ ಪರವಾಗಿ ಕೇಳಬೇಕಾದ ಪ್ರಶ್ನೆಗಳನ್ನು ವಿಜ್ಞಾನಿಯೇ ಕೇಳಬೇಕು.