ಮರುತುಂಬಿದ ತೋಟಾ: ಒಳಗೇನಿದೆ ಎಂದು ಬಲ್ಲವರು ಯಾರು?

ಲೋಹಗಳನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮ ಪ್ರಸಾರವಾದ ಮೇಲೆ ಬಂದ ಪತ್ರಗಳ ಕಟ್ಟಿನಲ್ಲಿ ಒಂದು ಪತ್ರ ನನ್ನನ್ನು ತಡೆದು ನಿಲ್ಲಿಸಿತು. ಬರೆದವನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿ, ಎನ್.ಸಿ.ಸಿ. ಕೆಡೆಟ್. ಅವನ ಅಣ್ಣ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಓದುತ್ತಿದ್ದಾನೆ. ಅಲ್ಲಿ ಬಂದೂಕು ಮಾರಾಟದ ಮೇಳಗಳು ನಡೆಯುತ್ತವೆ. ಅಣ್ಣನ ಜೊತೆ ಕೋಣೆ ಹಂಚಿಕೊಂಡಿರುವ ಅಮೆರಿಕದ ಗೆಳೆಯ ಅಂಥ ಮೇಳವೊಂದರಲ್ಲಿ, ಮೇಜು ಹಾಕಿಕೊಂಡು ಕುಳಿತಿದ್ದ ವಯಸ್ಸಾದ ಒಬ್ಬರಿಂದ, ಪ್ಲಾಸ್ಟಿಕ್ ಚೀಲದಲ್ಲಿದ್ದ ಪಿಸ್ತೂಲಿನ ತೋಟಾಗಳನ್ನು ಅಂಗಡಿಗಿಂತ ಬಹಳ ಕಡಿಮೆ ಬೆಲೆಗೆ ತಂದನಂತೆ. ಅವು ಒಮ್ಮೆ ಹಾರಿಸಿದ ಖಾಲಿ ತೋಟಾಗಳು. ಮನೆಯಲ್ಲಿ ಮತ್ತೆ ಮದ್ದು ತುಂಬಿದವು. ಬರುವ ಭಾನುವಾರ ಅಣ್ಣನನ್ನೂ ಗುರಿ ಅಭ್ಯಾಸಕ್ಕೆ ಕರೆದಿದ್ದಾನೆ. "ಹಿತ್ತಾಳೆ ಅದೇ, ಗುಂಡು ಅದೇ, ಮದ್ದೂ ಅಂಗಡಿಯದೇ. ಹಾಗಿದ್ದ ಮೇಲೆ ಅಪಾಯ ಎಲ್ಲಿಂದ ಬಂತು ಸಾರ್?" ಎಂಬುದು ಪತ್ರದ ಪ್ರಶ್ನೆ.

ಪ್ರಶ್ನೆ ಚೆನ್ನಾಗಿದೆ. ಉತ್ತರಕ್ಕೆ ಮೊದಲು ತೋಟಾ ಎಂದರೇನೆಂದು ನೋಡೋಣ. ಅದರಲ್ಲಿ ನಾಲ್ಕು ಭಾಗಗಳಿವೆ. ಹೊರಗಿನ ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಪೆಟ್ಟು ಬಿದ್ದೊಡನೆ ಕಿಡಿ ಹಾರಿಸುವ ಕೇಪು, ಒಳಗೆ ಮದ್ದು, ಬಾಯಿಯಲ್ಲಿ ಗುಂಡು. ಹಾರಿಸಿದಾಗ ಕೇಪು ಸತ್ತುಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಗುಂಡು ಹೊರಟುಹೋಗುತ್ತದೆ. ಉಳಿಯುವುದು ಕೊಳವೆ ಮಾತ್ರ. ನಾಲ್ಕರಲ್ಲಿ ಹೆಚ್ಚಿನ ಬೆಲೆ ಅದಕ್ಕೇ ಇರುವುದರಿಂದ ಅಮೆರಿಕದ ಹವ್ಯಾಸಿಗಳು ಅದನ್ನು ಎತ್ತಿಟ್ಟುಕೊಂಡು, ಮೂಲ ಅಳತೆಗೆ ಒತ್ತಿ, ಉಳಿದ ಮೂರನ್ನೂ ಹೊಸದಾಗಿ ಕೂಡಿಸುತ್ತಾರೆ. ಸ್ವಂತ ಬಳಕೆಗೆ ಹೀಗೆ ಮಾಡಲು ಅಲ್ಲಿನ ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ. (ಎನ್.ಸಿ.ಸಿ.ಯಲ್ಲಿ ನೀವು ಹಾರಿಸುವ .22 ತೋಟಾದ ಕಥೆ ಬೇರೆ. ಅದರಲ್ಲಿ ಬೇರೆ ಕೇಪು ಇಲ್ಲ. ಕಿಡಿಯ ಮದ್ದು ಅಂಚಿನೊಳಗೇ ಇರುತ್ತದೆ. ಒಮ್ಮೆ ಪೆಟ್ಟು ತಿಂದ ಅಂಚು ಮತ್ತೆ ಕೆಲಸಕ್ಕೆ ಬಾರದು.)

ಈಗ ಒಳಗಿನ ಒತ್ತಡದ ಲೆಕ್ಕ. ಕಾರಿನ ಚಕ್ರದಲ್ಲಿ ಗಾಳಿಯ ಒತ್ತಡ ಚದರ ಅಂಗುಲಕ್ಕೆ ಸುಮಾರು 32 ಪೌಂಡು. 9 ಮಿ.ಮೀ. ಪಿಸ್ತೂಲಿನ ತೋಟಾಕ್ಕೆ ಅಮೆರಿಕದ ತಯಾರಕರ ಸಂಸ್ಥೆ ಗೊತ್ತುಪಡಿಸಿರುವ ಗರಿಷ್ಠ ಮಿತಿ 35,000 ಪೌಂಡು. ಚಕ್ರದ ಸಾವಿರ ಪಟ್ಟಿಗೂ ಹೆಚ್ಚು! ಅದೂ ನಿಮ್ಮ ಮುಖದಿಂದ ಒಂದು ಮಾರು ದೂರವೂ ಇಲ್ಲದ ಜಾಗದಲ್ಲಿ. ಇಷ್ಟನ್ನೂ ಹುಟ್ಟಿಸುವ ಮದ್ದು ಎಷ್ಟಿರುತ್ತದೆ ಗೊತ್ತೇ? ಮದ್ದನ್ನು ತೂಗುವುದು ಗ್ರೇನ್ ಎಂಬ ಹಳೆಯ ಮಾನದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್; ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. 9 ಮಿ.ಮೀ. ತೋಟಾದಲ್ಲಿರುವ ಮದ್ದು ಸಾಮಾನ್ಯವಾಗಿ ನಾಲ್ಕರಿಂದ ಆರು ಗ್ರೇನ್. ಅಡಿಗೆ ಮನೆಯಲ್ಲಿ ಎರಡು ಬೆರಳಿಗೆ ಸಿಕ್ಕುವ ಒಂದು ಚಿಟಿಕೆ ಉಪ್ಪಿನಷ್ಟು.

ಎರಡರಷ್ಟು ಮದ್ದು ಬಿದ್ದರೆ ಒತ್ತಡವೂ ಎರಡರಷ್ಟಾಗುತ್ತದೆ ಎಂದು ನೀವು ಊಹಿಸಬಹುದು. ಹಾಗಲ್ಲ. ಈ ಮದ್ದು ಉರಿಯುವ ವೇಗವೇ ಒತ್ತಡವನ್ನು ಅವಲಂಬಿಸಿದೆ. ಒತ್ತಡ ಏರಿದಂತೆ ಉರಿ ಬಿರುಸಾಗುತ್ತದೆ. ಉರಿ ಬಿರುಸಾದಂತೆ ಒತ್ತಡ ಇನ್ನಷ್ಟು ಏರುತ್ತದೆ. ಗುಂಡು ಮುಂದೆ ಸರಿದು ಜಾಗ ಬಿಟ್ಟುಕೊಡುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಗುಂಡನ್ನು ಕೊಳವೆಯೊಳಗೆ ಒಂದೆರಡು ಮಿಲಿಮೀಟರ್ ಹೆಚ್ಚು ಆಳಕ್ಕೆ ಒತ್ತಿದರೂ ಇದೇ ಫಲ. ಮದ್ದು ಅಷ್ಟೇ ಇದ್ದು ಜಾಗ ಕಿರಿದಾಯಿತಲ್ಲ!

ಇಮ್ಮಡಿ ಮದ್ದು ಬೀಳುವುದು ಹೇಗೆ? ಮನೆಯಲ್ಲಿ ತುಂಬುವವರು ಐವತ್ತು, ನೂರು ಕೊಳವೆಗಳನ್ನು ಸಾಲಾಗಿ ಇಟ್ಟುಕೊಂಡು ಕೂರುತ್ತಾರೆ. ನಡುವೆ ದೂರವಾಣಿ ಕರೆ ಬರುತ್ತದೆ, ಮಗು ಕರೆಯುತ್ತದೆ. ತಿರುಗಿ ಬಂದು ಕುಳಿತಾಗ, ಎಲ್ಲಿಗೆ ನಿಲ್ಲಿಸಿದ್ದೆ? ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನಿಮ್ಮ ತಾಯಿ ಅನುಮಾನಪಟ್ಟದ್ದನ್ನು ನೀವು ನೋಡಿಲ್ಲವೇ? ಅವರಾದರೆ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ರುಚಿ ನೋಡುತ್ತಾರೆ. ತೋಟಾದ ಬಾಯಿ ಮುಚ್ಚಿದ ಮೇಲೆ ಆ ಸೌಲಭ್ಯವಿಲ್ಲ. .38 ಸ್ಪೆಷಲ್ ಎಂಬ ರಿವಾಲ್ವರ್ ತೋಟಾ ಈ ತಪ್ಪಿಗೆ ಕುಪ್ರಸಿದ್ಧ. 19ನೇ ಶತಮಾನದ ಕೊನೆಯಲ್ಲಿ ಅದು ಬಂದಾಗ ಬಳಕೆಯಲ್ಲಿದ್ದದ್ದು ಹೆಚ್ಚು ಜಾಗ ತಿನ್ನುವ ಕರಿಮದ್ದು. ಕೊಳವೆಯ ಉದ್ದ ಅದಕ್ಕೆ ತಕ್ಕಂತೆ ಇತ್ತು. ಇಂದಿನ ಹೊಗೆಯಿಲ್ಲದ ಮದ್ದು ಅದರ ತಳದಲ್ಲಿ ಮಾತ್ರ ಇರುತ್ತದೆ. ಎರಡು ಅಳತೆ ಬಿದ್ದರೂ ಚೆಲ್ಲುವುದಿಲ್ಲ.

ಇದಕ್ಕೆ ಸೇರಿದ ಇನ್ನೊಂದು ತಪ್ಪು ಡಬ್ಬಿಯದು. ಚಿರೋಟಿ ರವೆಯನ್ನೂ ಸಾದಾ ರವೆಯನ್ನೂ ನೋಡಿ ಬೇರ್ಪಡಿಸಬಹುದು. ಬೇಗ ಉರಿಯುವ ಪಿಸ್ತೂಲಿನ ಮದ್ದನ್ನೂ ನಿಧಾನ ಉರಿಯುವ ರೈಫಲ್ ಮದ್ದನ್ನೂ ಬರೀ ಕಣ್ಣಿನಿಂದ ಗುರುತಿಸಲು ಎಷ್ಟೋ ಸಲ ಆಗುವುದಿಲ್ಲ. ಉಳಿದದ್ದನ್ನು ತಪ್ಪು ಡಬ್ಬಿಗೆ ಸುರಿದರೆ ಅಲ್ಲಿಗೆ ಮುಗಿಯಿತು.

ಮದ್ದು ಬೀಳದೇ ಹೋದರೆ? ಅಪಾಯವಿಲ್ಲ ಎಂದುಕೊಳ್ಳಬೇಡಿ. ದೃಶ್ಯಮಾಧ್ಯಮದಲ್ಲಿ ಕೆಲಸ ಮಾಡುವ ನಮಗೆ ಮರೆಯಲಾಗದ ಒಂದು ದುರಂತ ಇಲ್ಲಿದೆ. 1993ರ ಮಾರ್ಚ್ 31ರಂದು ಅಮೆರಿಕದ ನಾರ್ತ್ ಕ್ಯಾರೊಲೈನಾದ ವಿಲ್ಮಿಂಗ್‌ಟನ್‌ನಲ್ಲಿ "ದಿ ಕ್ರೋ" ಚಿತ್ರದ ಚಿತ್ರೀಕರಣ ನಡೆಯುತ್ತಿದ್ದಾಗ ನಟ ಬ್ರಾಂಡನ್ ಲೀ ಗುಂಡು ತಗುಲಿ ಸತ್ತರು. ಬ್ರೂಸ್ ಲೀ ಅವರ ಮಗ, ವಯಸ್ಸು 28. ಸಮೀಪದ ದೃಶ್ಯಕ್ಕೆ ನಕಲಿ ತೋಟಾ ಬೇಕಾಗಿತ್ತು. ತಂಡದವರು ನಿಜವಾದ ತೋಟಾಗಳಿಂದ ಗುಂಡು ಕಿತ್ತು, ಮದ್ದು ಸುರಿದು, ಗುಂಡನ್ನು ಮತ್ತೆ ಕೂರಿಸಿದರು. ಕೇಪು ಮಾತ್ರ ಜೀವಂತವಾಗಿಯೇ ಉಳಿಯಿತು. ಯಾವಾಗಲೋ ಕುದುರೆ ಎಳೆದಾಗ ಕೇಪಿನ ಬಲವೊಂದೇ ಗುಂಡನ್ನು ನಳಿಗೆಯೊಳಕ್ಕೆ ತಳ್ಳಿತು. ಹೊರಗೆ ಹಾಕುವಷ್ಟು ಬಲ ಅದಕ್ಕಿರಲಿಲ್ಲ. ಯಾರೂ ನಳಿಗೆಯನ್ನು ನೋಡಲಿಲ್ಲ. ಆಮೇಲೆ ಮತ್ತೊಂದು ದೃಶ್ಯಕ್ಕೆ ಬರೀ ಸದ್ದಿನ ತೋಟಾ ಹಾಕಿ ಹಾರಿಸಿದಾಗ, ಸಿಕ್ಕಿಕೊಂಡಿದ್ದ ಗುಂಡು ಹೊರಬಿತ್ತು.

ಮನೆಯಲ್ಲಿ ತುಂಬಿದ ಚೀಲದಲ್ಲಿ ಮದ್ದಿಲ್ಲದ ಒಂದು ತೋಟಾ ಇದ್ದರೆ ಆಗುವುದೂ ಮೊದಲ ಅರ್ಧದಲ್ಲಿ ಇದೇ. "ಢಂ" ಎನ್ನುವ ಬದಲು "ಪುಸ್" ಎನ್ನುತ್ತದೆ; ಗುಂಡು ನಳಿಗೆಯಲ್ಲೇ ನಿಲ್ಲುತ್ತದೆ. ಹಾರಿಸುವವನು ಅವಸರದಲ್ಲಿ ಇನ್ನೊಂದನ್ನು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಆದ್ದರಿಂದ ಸದ್ದು ಕುಂದಿದರೆ ಅಲ್ಲಿಗೇ ನಿಲ್ಲಿಸಬೇಕು. ನಳಿಗೆಯ ಮುಖ ಗುರಿಯ ಕಡೆಗೇ ಇರಬೇಕು. ಅರ್ಧ ನಿಮಿಷವಾದರೂ ಕಾಯಬೇಕು. ಮೈದಾನದ ಅಧಿಕಾರಿ ಬಂದು ಬಂದೂಕು ಬರಿದುಮಾಡಿ, ನಳಿಗೆ ತೆರವಾಗಿದೆ ಎಂದು ಕಂಡುಕೊಳ್ಳುವವರೆಗೆ ಮುಂದಿನ ಗುಂಡಿಲ್ಲ.

ಹಿತ್ತಾಳೆಗೂ ಆಯುಸ್ಸಿದೆ. ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಹೋದರೆ ಗಡುಸಾಗಿ ಕೊನೆಗೆ ಮುರಿಯುತ್ತದೆ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವಿನ ಈ ಹಿತ್ತಾಳೆಯೂ ಪ್ರತಿ ಸಲ ಉಬ್ಬಿ, ಮತ್ತೆ ಒತ್ತಿಸಿಕೊಂಡು ಹಾಗೆಯೇ ಗಡುಸಾಗುತ್ತದೆ. ಬಾಯಿ ಸೀಳುತ್ತದೆ, ರೈಫಲ್ ಕೊಳವೆಯಾದರೆ ಬುಡದ ಹತ್ತಿರ ಒಳಗಿನಿಂದ ತೆಳುವಾಗುತ್ತದೆ. ಅಲ್ಲಿ ಹರಿದರೆ ಬಿಸಿ ಅನಿಲ ನುಗ್ಗುವುದು ಹಿಂದಕ್ಕೆ, ಹಾರಿಸುವವನ ಮುಖದತ್ತ. ಇದು ಎಷ್ಟನೆಯ ಸಲ ತುಂಬಿದ್ದು ಎಂಬುದು ಕೊಳವೆಯ ಮೇಲೆ ಬರೆದಿರುವುದಿಲ್ಲ.

ಈ ಲೋಹದ ಇನ್ನೊಂದು ಗುಟ್ಟು ಬಯಲಾದದ್ದು ನಮ್ಮ ದೇಶದಲ್ಲೇ. ಬ್ರಿಟಿಷರ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ದಾಸ್ತಾನು ಮಾಡುತ್ತಿತ್ತು. ಮಳೆ ಕಳೆದ ಮೇಲೆ ತೆಗೆದರೆ, ಯಾರೂ ಮುಟ್ಟದ ಕೊಳವೆಗಳಲ್ಲಿ ಬಿರುಕುಗಳು! ಕಾರಣ ಸ್ಪಷ್ಟವಾದದ್ದು 1921ರಲ್ಲಿ. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಒತ್ತಿ ಎಳೆದು ಮಾಡಿದ ಹಿತ್ತಾಳೆಯೊಳಗೆ ಉಳಿದಿರುವ ಬಿಗಿತ, ಎರಡೂ ಸೇರಿ ಲೋಹವನ್ನು ಸೀಳುತ್ತಿದ್ದವು. ಹಿತ್ತಾಳೆ ಹೊಳೆಯಿಸುವ ಕೆಲವು ದ್ರಾವಣಗಳಲ್ಲಿ ಇಂದಿಗೂ ಅಮೋನಿಯಾ ಇರುತ್ತದೆ. ಹಾಗಾಗಿ ಮೇಜಿನ ಮೇಲೆ ಚಿನ್ನದಂತೆ ಥಳಥಳಿಸುವ ತೋಟಾ ಕಂಡರೆ ಅದು ಒಳ್ಳೆಯದೆಂದು ತೀರ್ಮಾನಿಸಬೇಡಿ. ನಮ್ಮ ಅಜ್ಜಿಯರು ದೀಪದ ಕಂಬ ಉಜ್ಜುತ್ತಿದ್ದ ಹುಣಸೆಹಣ್ಣೇ ಲೋಹಕ್ಕೆ ವಾಸಿಯೇನೋ ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು!

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಕೈ ಎತ್ತಬಹುದು. "ತೂಗಿ ನೋಡಿದರಾಯಿತಲ್ಲ ಸಾರ್? ಇಮ್ಮಡಿ ಮದ್ದಿದ್ದರೆ ತೂಕ ಹೆಚ್ಚಿರಬೇಕು." ಸೊಗಸಾದ ಯೋಚನೆ, ಆದರೆ ಕೈಕೊಡುತ್ತದೆ. ಇಡೀ ತೋಟಾದ ತೂಕ ಇನ್ನೂರು ಗ್ರೇನಿನ ಆಸುಪಾಸು, ಮದ್ದು ನಾಲ್ಕೈದು. ಬೇರೆ ಬೇರೆ ಕಾರ್ಖಾನೆಯ ಕೊಳವೆಗಳ ತೂಕದಲ್ಲೇ ಹಲವು ಗ್ರೇನ್ ವ್ಯತ್ಯಾಸವಿರುತ್ತದೆ, ಗುಂಡುಗಳದ್ದೂ ಅಲ್ಪಸ್ವಲ್ಪ. ಮೈದಾನದಲ್ಲಿ ಹೆಕ್ಕಿದ ಹತ್ತು ಬಗೆಯ ಕೊಳವೆ ಬೆರೆತ ಚೀಲದಲ್ಲಿ ನೀವು ಹುಡುಕುವ ಹೆಚ್ಚಳ ಈ ಏರುಪೇರಿನಲ್ಲಿ ಮುಳುಗಿಹೋಗುತ್ತದೆ. ಪ್ರಯೋಗಾಲಯದಲ್ಲಿ ದೋಷದ ಮಿತಿ ಎಂದು ನಿಮ್ಮ ಮೇಷ್ಟ್ರು ಹೇಳಿಕೊಡುವುದು ಇದನ್ನೇ.

ಹಾಗಾದರೆ ಕಾರ್ಖಾನೆಯವರು ಏನು ಮಾಡುತ್ತಾರೆ? ಬೆಂಕಿಕಡ್ಡಿ ಹತ್ತುತ್ತದೆಯೇ ಎಂದು ಖಚಿತವಾಗಿ ತಿಳಿಯಲು ಗೀರಬೇಕು. ಗೀರಿದ ಕಡ್ಡಿ ಮಾರಲು ಉಳಿಯದು. ತೋಟಾವೂ ಹಾಗೆಯೇ. ಆದ್ದರಿಂದ ಒಂದೇ ಮದ್ದು, ಒಂದೇ ಯಂತ್ರದಿಂದ ಬಂದ ಪ್ರತಿ ತಂಡದಿಂದ ಮಾದರಿ ತೆಗೆದು ಒತ್ತಡ ಅಳೆಯುವ ವಿಶೇಷ ನಳಿಗೆಯಲ್ಲಿ ಹಾರಿಸುತ್ತಾರೆ. ಪೆಟ್ಟಿಗೆಯ ಮೇಲೆ ಆ ತಂಡದ ಸಂಖ್ಯೆ ಇರುತ್ತದೆ. ಎಲ್ಲೋ ಒಂದು ಕಡೆ ದೋಷ ಕಂಡರೆ ಅದೇ ಸಂಖ್ಯೆಯ ಪೆಟ್ಟಿಗೆಗಳನ್ನೆಲ್ಲ ಹಿಂದಕ್ಕೆ ಕರೆಸಬಹುದು. ಕಾರ್ಖಾನೆಯೂ ತಪ್ಪುತ್ತದೆ, ಹೀಗೆ ಹಿಂದಕ್ಕೆ ಕರೆಸಿದ ಪ್ರಸಂಗಗಳು ಇವೆ. ತಪ್ಪಿದಾಗ ಎಳೆ ಹಿಡಿದು ಹೋಗಲು ಒಂದು ದಾರ ಇದೆ, ಅಷ್ಟೇ. ಮೇಳದ ಪ್ಲಾಸ್ಟಿಕ್ ಚೀಲಕ್ಕೆ ಆ ದಾರವಿಲ್ಲ. ಹಳೆಯ ಕಾರ್ಖಾನೆ ಪೆಟ್ಟಿಗೆಯಲ್ಲೇ ತುಂಬಿ ಕೊಟ್ಟಿದ್ದರೆ ಇನ್ನೂ ಕಷ್ಟ: ಮೇಲಿನ ಚೀಟಿ ಒಂದು, ಒಳಗಿನ ಸರಕು ಇನ್ನೊಂದು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಮನೆಯಲ್ಲಿ ತುಂಬುವವರೆಲ್ಲ ಅಜಾಗರೂಕರಲ್ಲ. ಕೆಲವರ ಕೈ ಕಾರ್ಖಾನೆಗಿಂತ ನಿಖರ. ಆದರೆ ಅವರು ತುಂಬುವುದು ತಮ್ಮದೇ ಬಂದೂಕಿಗೆ. .45-70 ಎಂಬ ರೈಫಲ್ ತೋಟಾ 1873ರದು; ಆ ಕಾಲದ ಸ್ಪ್ರಿಂಗ್‌ಫೀಲ್ಡ್ ರೈಫಲ್ ಕಡಿಮೆ ಒತ್ತಡ ಮಾತ್ರ ತಡೆಯಬಲ್ಲದು. ಅದೇ ತೋಟಾ ಹಾಕುವ ಇಂದಿನ ಗಟ್ಟಿ ರೈಫಲ್‌ಗಳೂ ಇವೆ. ಅವುಗಳ ಒಡೆಯರು ಬಲವಾಗಿ ತುಂಬುತ್ತಾರೆ. ಅವರ ಬಂದೂಕಿಗೆ ಏನೂ ಆಗದು. ಅದನ್ನು ಕೊಂಡುಹೋಗಿ ಅಜ್ಜನ ಕಾಲದ ರೈಫಲಿಗೆ ಹಾಕಿದವನ ಗತಿಯೇನು? ಮಾರಿದವನು ಮೋಸ ಮಾಡಲಿಲ್ಲ, ಕೊಂಡವನು ಕೇಳಲಿಲ್ಲ. ಅನುಭವಸ್ಥ ಹವ್ಯಾಸಿಗಳು ಬೇರೆಯವರು ತುಂಬಿದ್ದನ್ನು ಹಾರಿಸಲು ಒಪ್ಪದಿರುವುದು ಇದಕ್ಕಾಗಿಯೇ. ಬಹುತೇಕ ಬಂದೂಕು ತಯಾರಕರ ಕೈಪಿಡಿಗಳೂ ಮರುತುಂಬಿದ ತೋಟಾ ಬಳಸಬೇಡಿ, ಬಳಸಿ ಹಾಳಾದರೆ ನಾವು ಹೊಣೆಯಲ್ಲ ಎನ್ನುತ್ತವೆ. 2020ರ ಕೋವಿಡ್ ಕಾಲದಲ್ಲಿ ಅಮೆರಿಕದಲ್ಲಿ ಕಾರ್ಖಾನೆ ತೋಟಾಗಳಿಗೆ ಬರ ಬಂದಾಗ ಇಂಥ ಎಚ್ಚರಿಕೆ ಬದಿಗೆ ಸರಿಯುವುದು ಸಹಜವೇ ಆಗಿತ್ತು.

ಇನ್ನು ಕಾನೂನು. ತನಗಾಗಿ ತುಂಬಿಕೊಳ್ಳಬಹುದಾದರೂ, ತುಂಬಿ ಮಾರುವುದನ್ನೇ ವ್ಯಾಪಾರ ಮಾಡಿಕೊಂಡರೆ ಅಮೆರಿಕದಲ್ಲೂ ತಯಾರಕರ ಪರವಾನಗಿ ಬೇಕು. 2017ರ ಅಕ್ಟೋಬರ್ 1ರ ಲಾಸ್ ವೇಗಸ್ ಹತ್ಯಾಕಾಂಡದ ನಂತರ, ಹಂತಕನ ಹೋಟೆಲ್ ಕೋಣೆಯಲ್ಲಿ ಸಿಕ್ಕ ಕೆಲವು ತೋಟಾಗಳ ಮೇಲಿನ ಬೆರಳಚ್ಚು ಮತ್ತು ಉಪಕರಣದ ಗುರುತುಗಳು ಅರಿಝೋನಾದ ಒಬ್ಬ ಮಾರಾಟಗಾರನ ಮನೆಗೆ ದಾರಿ ತೋರಿಸಿದವು. ಹತ್ಯೆಯಲ್ಲಿ ಪಾಲ್ಗೊಂಡ ಆರೋಪ ಅವನ ಮೇಲೆ ಇರಲಿಲ್ಲ. ಪರವಾನಗಿ ಇಲ್ಲದೆ ತೋಟಾ ತಯಾರಿಸುವ ವ್ಯಾಪಾರ ಮಾಡಿದ ತಪ್ಪನ್ನು 2019ರಲ್ಲಿ ಒಪ್ಪಿಕೊಂಡ. 2020ರಲ್ಲಿ 13 ತಿಂಗಳ ಸೆರೆಯಾಯಿತು.

ನಮ್ಮಲ್ಲಿ ಕಾನೂನು ಇನ್ನೂ ಬಿಗಿ. 1959ರ ಆಯುಧ ಕಾಯ್ದೆಯಂತೆ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದೂ ಮಾರುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಕೊಡಗಿನ ಓದುಗರು "ನಮಗೆ ವಿನಾಯಿತಿ ಇದೆಯಲ್ಲ" ಎನ್ನಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2029ರವರೆಗೆ ವಿಸ್ತರಿಸಿರುವ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮತ್ತು ಒಯ್ಯುವುದಕ್ಕೆ. ತೋಟಾ ತಯಾರಿಸಿ ಮಾರುವುದಕ್ಕಲ್ಲ.

ಪತ್ರ ಬರೆದ ಕೆಡೆಟ್ ಗೆಳೆಯನೇ, ನಿನ್ನ ಅಣ್ಣನಿಗೆ ಈ ಲೇಖನಕ್ಕಿಂತ ಮೊದಲು ಒಂದು ವಿಷಯ ತಿಳಿಸು. ವಿದ್ಯಾರ್ಥಿ ವೀಸಾದ ಮೇಲೆ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಕೈವಶ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಊರ್ಜಿತವಾದ ಬೇಟೆ ಪರವಾನಗಿ ಹೊಂದಿದವರಂಥ ಕೆಲವರಿಗೆ ಮಾತ್ರ ವಿನಾಯಿತಿ. ಅವನು ಭಾನುವಾರದ ಕರೆಯನ್ನು ಒಪ್ಪುವ ಮುನ್ನ ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ವ್ಯವಹಾರ ನೋಡಿಕೊಳ್ಳುವ ಕಚೇರಿಯಲ್ಲಿ ವಿಚಾರಿಸಲಿ. ಕೋಣೆಯ ಗೆಳೆಯ ಆ ಚೀಲ ತೆರೆದು ಹಾರಿಸುವುದೇ ಆದರೆ ಪಕ್ಕದಲ್ಲಿ ನಿಲ್ಲುವುದು ಬೇಡ. ಒಡೆದ ಕಬ್ಬಿಣ ಹಾರಿಸಿದವನನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ. ರಜೆಗೆ ಊರಿಗೆ ಹೊರಡುವಾಗ ನೆನಪಿಗೆಂದು ಒಂದೇ ಒಂದು ತೋಟಾ ಸಹ ಚೀಲದಲ್ಲಿ ಬರುವುದು ಬೇಡ. ಬೆಂಗಳೂರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದು ಸಿಕ್ಕರೆ, ಮನೆಗೆ ಬರುವ ಮೊದಲು ಅವನು ಪೊಲೀಸರಿಗೆ ಉತ್ತರ ಹೇಳಬೇಕಾಗುತ್ತದೆ.