ಮೊದಲ ಗಿರಾಕಿ ಇರುವ ಊರು

ಇನ್ಫೋಸಿಸ್ ಹುಟ್ಟಿದ್ದು ಪುಣೆಯಲ್ಲಿ. 1981ರಲ್ಲಿ ಏಳು ಮಂದಿ ಎಂಜಿನಿಯರ್‌ಗಳು ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ ಶುರು ಮಾಡಿದ ಆ ಕಂಪನಿ ಎರಡೇ ವರ್ಷದಲ್ಲಿ ಬೆಂಗಳೂರಿಗೆ ಬಂತು. ಕರೆತಂದದ್ದು ಆಡುಗೋಡಿಯಲ್ಲಿದ್ದ ಮೈಕೋ ಕಂಪನಿಯ ಕೆಲಸ. ಗಿರಾಕಿ ಇದ್ದಲ್ಲಿಗೆ ಕಂಪನಿ ಗಂಟುಮೂಟೆ ಕಟ್ಟಿಕೊಂಡು ಬಂತು ಅನ್ನಿ. 1994ರಲ್ಲಿ ಹೊಸೂರು ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ನೆಲೆಸಿತು.

ಹತ್ತಿರದ ಬೇಗೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಆ ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಹೋಗಿಬರುವ ಹುಡುಗ ಹುಡುಗಿಯರಲ್ಲಿ ಸ್ವಂತದ್ದೊಂದು ನವೋದ್ಯಮ ಕಟ್ಟುವ ಆಸೆ ಇರುವವರು ಬಹಳ. ಅವರನ್ನು ಕಾಡುವ ಮೊದಲ ಪ್ರಶ್ನೆ ಒಂದೇ: ಇಲ್ಲೇ ಇರೋಣವೇ, ನಮ್ಮೂರಿಗೆ ಹೋಗಿ ಶುರು ಮಾಡೋಣವೇ?

ಉತ್ತರ ಹುಡುಕುವ ಮುನ್ನ ಈ ಸೀಮೆ ಹೀಗೇಕೆ ಬೆಳೆಯಿತೆಂದು ತಿಳಿಯಬೇಕು. 1970ರ ದಶಕದಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗ ಅವರು ಕೋಣಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡರು. ಕನಸಿಗೆ ಆಧಾರವಿತ್ತು. 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆ ಇಲ್ಲಿತ್ತು. 1940ರಲ್ಲಿ ವಿಮಾನ ಕಾರ್ಖಾನೆ ಬಂದಿತ್ತು. ಅದರ ಹಿಂದೆಯೇ ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದು, ಯಂತ್ರ ಮತ್ತು ವಿದ್ಯುನ್ಮಾನದ ಕೆಲಸ ಬಲ್ಲ ಒಂದು ತಲೆಮಾರನ್ನೇ ತಯಾರು ಮಾಡಿದ್ದವು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅದಕ್ಕೆ ಬೇಕಾದ ಜನ ಇಲ್ಲಿ ಸಿಕ್ಕಿದರು. ಗಿರಾಕಿಯ ನಂತರ ನೋಡಬೇಕಾದದ್ದು ಇದನ್ನೇ: ನಿಮ್ಮ ಕೆಲಸ ಬಲ್ಲ ಕೈಗಳು ಆ ಊರಿನಲ್ಲಿ ಇವೆಯೇ?

ಕೈಗಳು ಎಂದರೆ ಕಂಪ್ಯೂಟರ್ ಮುಂದೆ ಕೂರುವವರಷ್ಟೇ ಅಲ್ಲ. ನೀವು ಒಂದು ಯಂತ್ರವನ್ನೋ ವೈದ್ಯಕೀಯ ಉಪಕರಣವನ್ನೋ ಮಾಡುವವರಾದರೆ ಮೊದಲ ಮಾದರಿ ಒಂದೇ ಸಲಕ್ಕೆ ಸರಿಹೋಗುವುದಿಲ್ಲ. ಲೇತ್‌ನಲ್ಲಿ ತಿರುಗಿಸಬೇಕು, ತಗಡು ಬಾಗಿಸಬೇಕು, ಪೌಡರ್ ಕೋಟಿಂಗ್ ಮಾಡಿಸಬೇಕು, ಅಳತೆ ತಪ್ಪಿದರೆ ಮಾರನೆಯ ದಿನ ಮತ್ತೆ ಹೋಗಬೇಕು. ಪೀಣ್ಯದಲ್ಲಿ, ಬೇಗೂರಿಗೆ ಹತ್ತಿರದ ಬೊಮ್ಮಸಂದ್ರ, ಜಿಗಣಿಗಳಲ್ಲಿ ಇಂಥ ಜಾಬ್ ವರ್ಕ್ ಮಾಡಿಕೊಡುವ ಸಣ್ಣ ಶೆಡ್‌ಗಳು ಸಾಲುಸಾಲಾಗಿವೆ. ಹತ್ತು ತುಂಡು ಮಾತ್ರ ಬೇಕೆಂದರೂ ಮಾಡಿಕೊಡುವವರು ಅಲ್ಲಿ ಸಿಗುತ್ತಾರೆ. ಈ ಅನುಕೂಲ ಎಲ್ಲ ಊರಿನಲ್ಲೂ ಇಲ್ಲ.

ಶುರು ಮಾಡಲು ದೊಡ್ಡ ಕಚೇರಿಯೇ ಬೇಕೆಂದಿಲ್ಲ. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಕಿರಣ್ ಮಜುಂದಾರ್ ಶಾ ಬಯೋಕಾನ್ ಆರಂಭಿಸಿದ್ದು ಪರಂಗಿಕಾಯಿಯ ಹಾಲಿನಿಂದ ಕಿಣ್ವ ತೆಗೆಯುವ ಕೆಲಸದಿಂದ. ಹೆಸರಾಂತ ವಿಳಾಸವಿಲ್ಲದೆಯೂ ಕೆಲಸ ಶುರುವಾಯಿತು, ಬೆಳೆಯಿತು. ಇಂದು ಹೆಬ್ಬಗೋಡಿಯ ಮೆಟ್ರೊ ನಿಲ್ದಾಣಕ್ಕೇ ಆ ಕಂಪನಿಯ ಹೆಸರಿದೆ.

ಇನ್ನು ಖರ್ಚಿನ ಲೆಕ್ಕ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಇನ್ನೂ ಇದೆ. ಅಷ್ಟು ಹಣ ಮಾಲೀಕರ ಬಳಿ ಕೂತರೆ ಹೊಸ ಕಂಪನಿಗೆ ಉಸಿರಾಡುವುದೇ ಕಷ್ಟ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನದಟ್ಟಣೆಯಲ್ಲಿ ಕಳೆಯುವ ಗಂಟೆಗಳಿಗೂ ಬೆಲೆಯಿದೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೊ ಹಳದಿ ಮಾರ್ಗ ತೆರೆದ ಮೇಲೆ ಈ ಭಾಗದವರಿಗೆ ಆ ಹೊರೆ ಸ್ವಲ್ಪ ಇಳಿದಿದೆ. ನೀರಿನ ಹೊರೆ ಇಳಿದಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ನಗರದ ಹೊರವಲಯ ಟ್ಯಾಂಕರ್‌ಗಾಗಿ ಕಾದದ್ದನ್ನು ನಾವು ಮರೆಯಬಾರದು. ಈ ಸೀಮೆ ಹೊಸದೇನಲ್ಲ: ಬೆಂಗಳೂರು ಎಂಬ ಹೆಸರು ಸಿಗುವ ಅತಿ ಹಳೆಯ ಶಾಸನ ಬೇಗೂರಿನ ದೇವಸ್ಥಾನದ್ದು, ಸುಮಾರು ಕ್ರಿ.ಶ. 890ರದ್ದು. ಕಂಪನಿಗಳು ಬರುವ ಸಾವಿರ ವರ್ಷ ಮೊದಲೇ ಇಲ್ಲಿ ಜನ ಬಾಳಿದ್ದರು. ಅವರ ನೀರನ್ನು ಹಂಚಿಕೊಳ್ಳಲು ಬರುವ ಪ್ರತಿ ಉದ್ಯಮವೂ ತನ್ನ ಚಾವಣಿಯ ಮಳೆನೀರನ್ನು ಈ ನೆಲಕ್ಕೆ ಇಂಗಿಸಲೇಬೇಕು.

ಹಾಗೆಂದು ಬೆಂಗಳೂರು ಬಿಟ್ಟರೆ ಗತಿಯಿಲ್ಲ ಎಂಬುದು ಸುಳ್ಳು. 1996ರಲ್ಲಿ ಉಡುಪಿಯಲ್ಲಿ ಹುಟ್ಟಿದ ರೋಬೋಸಾಫ್ಟ್ ಅಲ್ಲಿದ್ದುಕೊಂಡೇ ಹೊರದೇಶಗಳ ಕಂಪನಿಗಳಿಗೆ ತಂತ್ರಾಂಶ ಮಾಡಿಕೊಟ್ಟಿತು. 2005ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಸಂಕಲ್ಪ್ ಸೆಮಿಕಂಡಕ್ಟರ್ ಚಿಪ್ ವಿನ್ಯಾಸದಲ್ಲಿ ಹೆಸರು ಮಾಡಿತು, 2019ರಲ್ಲಿ ಎಚ್‌ಸಿಎಲ್ ಅದನ್ನು ಕೊಂಡಿತು. ಅವರ ಗಿರಾಕಿಗಳು ದೂರದೇಶದಲ್ಲಿದ್ದರು, ಹಾಗಾಗಿ ಕೆಲಸ ಬಲ್ಲ ಕೈಗಳಿರುವ ಊರೇ ಸಾಕಾಯಿತು. ಕಲಿತ ಹುಡುಗರು ಊರಿನ ಕಾಲೇಜುಗಳಲ್ಲೇ ಇದ್ದರು. ಮನೆಯ ಹತ್ತಿರ ಕೆಲಸ ಸಿಕ್ಕ ಹುಡುಗರು ಬೇಗ ಬಿಟ್ಟುಹೋಗುವುದಿಲ್ಲ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಗೆದ್ದವರಿಗೆ ಸಿಗುವ, ಗರಿಷ್ಠ 50 ಲಕ್ಷ ರೂಪಾಯಿಯವರೆಗಿನ ಅನುದಾನಕ್ಕೆ ಹುಬ್ಬಳ್ಳಿಯವರೂ ಉಡುಪಿಯವರೂ ಅರ್ಜಿ ಹಾಕಬಹುದು.

ಆದ್ದರಿಂದ ಕಂಪನಿ ಕಟ್ಟಲು ಹೊರಟ ಗೆಳೆಯರಲ್ಲಿ ಒಂದು ವಿನಂತಿ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ನಿಮ್ಮ ಮೊದಲ ಹತ್ತು ಗಿರಾಕಿಗಳು ಯಾರಾಗಬಹುದೆಂದು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಹೆಸರಿನ ಎದುರು ಅವರ ಊರು ಬರೆಯಿರಿ. ಖುದ್ದಾಗಿ ಹೋಗಿ ಅವರನ್ನು ಕಂಡು ಬನ್ನಿ. ಕೊಪ್ಪಳದ ರೈತರಿಗಾಗಿ ಯಂತ್ರ ಮಾಡುವವರು ಬೇಗೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತರೆ ರೈತರ ಕಷ್ಟ ತಿಳಿಯುವುದಿಲ್ಲ. ಬೊಮ್ಮಸಂದ್ರದ ಕಾರ್ಖಾನೆಗಳಿಗಾಗಿ ತಂತ್ರಾಂಶ ಬರೆಯುವವರಿಗೆ ಬೇಗೂರಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಗಿರಾಕಿಗಳು ದೂರದೇಶದವರಾದರೆ ಕೆಲಸ ಬಲ್ಲ ಕೈಗಳಿರುವ ಊರು ನೋಡಿ. ಇಲ್ಲವಾದರೆ ಆ ಹಾಳೆಯಲ್ಲಿ ಯಾವ ಊರಿನ ಹೆಸರು ಹೆಚ್ಚು ಸಲ ಬಂದಿದೆಯೋ ಅದೇ ನಿಮ್ಮ ಊರು.