ಆರ್ಕಿಡ್‌ಗೆ ಅತಿ ಉಪಚಾರ ಬೇಡ

ನರ್ಸರಿಯಿಂದ ಆಸೆಪಟ್ಟು ತಂದ ಆರ್ಕಿಡ್ ಗಿಡ ಕೆಲವೇ ತಿಂಗಳಲ್ಲಿ ಕೊಳೆತುಹೋಯಿತೆಂದು ಬೇಸರಪಡುವವರು ಹಲವರು. ದಿನಾ ಎರಡು ಹೊತ್ತು ನೀರು, ಒಳ್ಳೆಯ ಮಣ್ಣು, ಸೆಗಣಿ ಗೊಬ್ಬರ ಎಲ್ಲವನ್ನೂ ಕೊಟ್ಟಿರುತ್ತಾರೆ. ಗಿಡ ಸಾಯುವುದು ಹೆಚ್ಚಾಗಿ ಈ ಉಪಚಾರದಿಂದಲೇ!

ನಮ್ಮ ಕಾಸರಗೋಡಿನ ಕಡೆಯ ಹಳೆಯ ಹಲಸು, ಮಾವಿನ ಮರಗಳನ್ನು ಗಮನಿಸಿ. ಅಲ್ಲಲ್ಲಿ ಸೀತಾಳೆ ದಂಡೆ ಕಾಣಸಿಗುತ್ತದೆ. ಮಳೆಗಾಲ ಹಿಡಿಯುವ ಹೊತ್ತಿಗೆ ನರಿಯ ಬಾಲದಂತೆ ಅದರ ಹೂಗೊಂಚಲು ಇಳಿಬೀಳುತ್ತದೆ. ಅದೂ ಆರ್ಕಿಡ್ಡೇ; ಅಸ್ಸಾಮಿನ ರಾಜ್ಯಪುಷ್ಪವೂ ಹೌದು. ಅದಕ್ಕೆ ನೀರೆರೆದವರು ಯಾರು? ಬಂದಣಿಕೆಯಂತೆ ಅದು ಮರದ ರಸ ಹೀರುವುದಿಲ್ಲ. ಮರ ಅದಕ್ಕೆ ಬರೀ ಆಸರೆ. ಮಳೆನೀರು, ಗಾಳಿಯ ತೇವ, ತೊಗಟೆಯ ಸಂದಿನ ಕಸದ ಸಾರ ಇವಿಷ್ಟೇ ಅದಕ್ಕೆ ಸಾಕು.

ಇಂಥ ಆರ್ಕಿಡ್‌ಗಳ ಬೇರಿಗೆ ಸ್ಪಂಜಿನಂಥ ಹೊದಿಕೆಯಿದೆ. ನೀರು ಬಿದ್ದಾಗ ಅದು ಹಸಿರಾಗುತ್ತದೆ, ಒಣಗಿದಾಗ ಬೆಳ್ಳಗಾಗುತ್ತದೆ. ಬೇರು ಬೆಳ್ಳಗಾದ ಮೇಲೆಯೇ ನೀರು ಕೊಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಒಮ್ಮೆ ಬೇಕಾದೀತು. ಮಳೆಗೆ ನೆನೆಯುವ ಗಿಡಕ್ಕೆ ಮಳೆಗಾಲದಲ್ಲಿ ಏನೂ ಬೇಡ. ಸದಾ ಒದ್ದೆಯಾದ ಮಣ್ಣಿನಲ್ಲಿ ಗಾಳಿ ಸಿಗದೆ ಬೇರು ಕೊಳೆಯುತ್ತದೆ. ಆದ್ದರಿಂದ ತೂತುಗಳಿರುವ ಮಡಕೆಗೆ ಮಣ್ಣಿನ ಬದಲು ಇದ್ದಿಲು, ಹೆಂಚಿನ ಚೂರು ತುಂಬಿಸಿ.

ಹೊಸಬರಿಗೆ ಡೆಂಡ್ರೋಬಿಯಂ ಒಳ್ಳೆಯದು. ಬೆಳಗಿನ ಎಳೆಬಿಸಿಲು ಬೀಳುವ ಜಗಲಿಯ ಅಂಚಿನಲ್ಲಿ ತೂಗುಹಾಕಿ. ಎಲೆ ಕಡುಹಸಿರಾಗಿ ಹೂವೇ ಬಾರದಿದ್ದರೆ ಬೆಳಕು ಸಾಲದೆಂದು ತಿಳಿಯಿರಿ. ಎಲೆ ಉದುರಿದ ಹಳೆಯ ದಂಟನ್ನು ಕತ್ತರಿಸಬೇಡಿ. ಗಿಡದ ನೀರು, ಆಹಾರದ ದಾಸ್ತಾನು ಅದರಲ್ಲಿದೆ. ಕೆಲವೊಮ್ಮೆ ಅದರಿಂದಲೇ ಹೂ ಬರುತ್ತದೆ. ಚಿಗುರುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೀರಾ ತೆಳ್ಳಗಿನ ಗೊಬ್ಬರದ ನೀರು ಸಿಂಪಡಿಸಿದರಾಯಿತು.

ಇನ್ನೂ ಸುಲಭದ ದಾರಿಯೊಂದಿದೆ. ಮಳೆಗಾಲದ ಆರಂಭದಲ್ಲಿ ಗಿಡವನ್ನು ಅಂಗಳದ ಮಾವು ಇಲ್ಲವೇ ಹಲಸಿನ ಮರಕ್ಕೆ ತೆಂಗಿನ ನಾರಿನ ಹಗ್ಗದಿಂದ ಕಟ್ಟಿಬಿಡಿ. ಹಗ್ಗ ಜೀರ್ಣವಾಗುವಷ್ಟರಲ್ಲಿ ಬೇರು ತೊಗಟೆಯನ್ನು ಹಿಡಿದಿರುತ್ತದೆ. ಮಕ್ಕಳು ದೂರದಲ್ಲಿದ್ದು ವಯಸ್ಸಾದವರೇ ಇರುವ ಮನೆಗೆ ಇದಕ್ಕಿಂತ ಹಗುರವಾದ ತೋಟಗಾರಿಕೆ ಇಲ್ಲ.

ಒಂದು ಮಾತು: ಕಾಡಿನ ಗಿಡವನ್ನು ಕಿತ್ತು ತರಬೇಡಿ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಅದರೊಳಗೆ ಆಹಾರವಿರುವುದಿಲ್ಲ, ತಕ್ಕ ಶಿಲೀಂಧ್ರ ಜೊತೆಗೂಡಿದರೆ ಮಾತ್ರ ಕಾಡಿನಲ್ಲಿ ಮೊಳೆಯುತ್ತದೆ. ಹೂಬಿಡಲು ಮತ್ತೆ ಹಲವು ವರ್ಷ ಬೇಕು. ನರ್ಸರಿಯಲ್ಲಿ ಬೆಳೆಸಿದ ಗಿಡವನ್ನೇ ಕೊಳ್ಳಿ. ಮರದ ಮೇಲಿರುವುದು ಮರದ ಮೇಲೆಯೇ ಅರಳಲಿ.